ಇಲ್ಲದ ಅಣ್ಣನ ಆರು ಪದಕಗಳು

"ಅವರು ನಿಮಗೇನಾಗಬೇಕಿತ್ತು?"

ಪದಕ ಹೊಲಿಯುವವಳು ಕೇಳಿದ್ದು ಇಷ್ಟೇ. ಕೇಳುವಾಗ ತಲೆ ಎತ್ತಲಿಲ್ಲ. ಬಿಸ್ಕತ್ತಿನ ಡಬ್ಬದಿಂದ ಮೇಜಿನ ಮೇಲೆ ಸುರಿದ ಆರು ಪದಕಗಳನ್ನು ಬೆರಳ ತುದಿಯಿಂದ ಒಂದು ಸಾಲಿಗೆ ತರುತ್ತಿದ್ದಳು, ನಿದ್ದೆಗಣ್ಣಿನ ಮಕ್ಕಳನ್ನು ಶಾಲೆಗೆ ಹೊರಡಿಸುವವಳ ಹಾಗೆ.

ಇಂಜಿನಿಯರ್ ಬಾಗಿಲ ಬಳಿಯೇ ನಿಂತಿದ್ದ. ಐವತ್ತೈದು ವರ್ಷ, ಸವೆದ ಮಂಡಿ, ಅಂಗಿಯ ಮೇಲೆ ಅಕ್ಕನ ಮನೆ ನಲ್ಲಿಯ ತುಕ್ಕು. ಸೈನ್ಯದಲ್ಲಿ ಮೂವತ್ತೊಂದು ವರ್ಷ ಕಳೆದವನು ಅಂತ ಹಣೆಯಲ್ಲಿ ಬರೆದಿರಲಿಲ್ಲ. ಬರೆದಿದ್ದರೆ ಅವಳು ಹಾಗೆ ಕೇಳುತ್ತಿರಲಿಲ್ಲ.

ಆ ವಾರ ಅವನಿಗೆ ಎರಡು ಪ್ರಶ್ನೆಗಳು ಮೂರು ಕಡೆ ಎದುರಾಗಿದ್ದವು. ಕ್ಷೌರದಂಗಡಿಯಲ್ಲಿ, ಬ್ಯಾಂಕಿನಲ್ಲಿ, ಅಕ್ಕನ ಮನೆಗೆ ಬಂದ ನೆಂಟರ ಮುಂದೆ. ಯುದ್ಧ ನೋಡಿದೀರಾ? ಎಷ್ಟು ಜನರನ್ನ ಹೊಡೆದ್ರಿ? ಅವನು ಸೇತುವೆ ಕಟ್ಟಿದವನು, ಬೆಟ್ಟ ಕಡಿದು ರಸ್ತೆ ಮಾಡಿದವನು, ಮಣ್ಣಿನಡಿ ಹೂತಿಟ್ಟ ಮೈನುಗಳನ್ನು ಹುಡುಕಿ ತೆಗೆದವನು. ಯಾರನ್ನೂ ಹೊಡೆದಿರಲಿಲ್ಲ. ಹಾಗೆಂದ ಕೂಡಲೇ ಕೇಳಿದವರ ಮುಖ ಸಪ್ಪೆಯಾಗುತ್ತಿತ್ತು. ಆ ಸಪ್ಪೆ ಮುಖವನ್ನು ನಾಲ್ಕನೇ ಸಲ ನೋಡುವ ತ್ರಾಣ ಅವನಲ್ಲಿ ಉಳಿದಿರಲಿಲ್ಲ.

"ಅಣ್ಣ," ಅಂದ.

"ಹೋಗಿ ಎಷ್ಟು ದಿನ ಆಯ್ತು?"

"ಒಂದು ತಿಂಗಳು."

ಅವನು ನಿವೃತ್ತನಾಗಿ ಒಂದು ತಿಂಗಳಾಗಿತ್ತು. ಮೂವತ್ತೊಂದು ವರ್ಷದಲ್ಲಿ ಒಂದು ಸುಳ್ಳು ವರದಿಗೂ ಬೇಕೆಂದು ಸಹಿ ಹಾಕಿರದ ಮನುಷ್ಯ, ಒಂದೇ ನಿಮಿಷದಲ್ಲಿ ತನಗೊಬ್ಬ ಅಣ್ಣನನ್ನು ಹುಟ್ಟಿಸಿ, ಸಾಯಿಸಿಯೂ ಬಿಟ್ಟ. ಆಶ್ಚರ್ಯವೆಂದರೆ ಹಗುರವೆನಿಸಿತು. ಹೆಗಲಿನ ಚೀಲ ಇಳಿಸಿದಂತೆ.

ಅವಳು 'ಛೇ ಪಾಪ' ಅನ್ನಲಿಲ್ಲ. ಕಾಲಿನಿಂದ ಒಂದು ಸ್ಟೂಲು ಮುಂದಕ್ಕೆ ತಳ್ಳಿದಳು. "ಕೂತ್ಕೊಳ್ಳಿ. ಇಲ್ಲಿಗೆ ಬರೋರೆಲ್ಲಾ ನಿಮ್ಮಂಥೋರೇ. ಬದುಕಿರೋರು ರೆಜಿಮೆಂಟ್ ಟೈಲರ್ ಹತ್ರ ಹೋಗ್ತಾರೆ, ಅವನು ಪುಕ್ಕಟೆ ಹೊಲೀತಾನೆ. ಸತ್ತೋರೇ ನನ್ನ ಗಿರಾಕಿಗಳು. ಒಳ್ಳೇ ಜನ. ಬೇಗ ಕೊಡಿ ಅಂತ ಪೀಡಿಸಲ್ಲ."

ಬೀಗದ ಕೈ ಮಾಡುವವನಿಗೂ ಜೆರಾಕ್ಸ್ ಅಂಗಡಿಗೂ ನಡುವೆ ಸಿಕ್ಕಿಹಾಕಿಕೊಂಡ ಎಂಟಡಿ ಅಗಲದ ಕೋಣೆ ಅದು. ಗೋಡೆ ತುಂಬ ರಿಬ್ಬನ್ ಸುರುಳಿಗಳು. ಒಂದು ಇಸ್ತ್ರಿ ಪೆಟ್ಟಿಗೆ, ಒಂದು ಮೇಜು, ಮಧ್ಯದಲ್ಲಿ ಬೆನ್ನು ಬಾಗಿದ ಒಂದು ಮರದ ಶೆಲ್ಫು. ಇಂಜಿನಿಯರ್‌ನ ಕಣ್ಣು ಮೊದಲು ಶೆಲ್ಫಿನ ಮೇಲೆ ಬಿತ್ತು. ಆಮೇಲೆ ಅವಳ ಮೇಲೆ. ನಲವತ್ತಾರೋ ನಲವತ್ತೇಳೋ. ಎಡ ಮಣಿಕಟ್ಟಿಗೆ ಸೂಜಿ ಚುಚ್ಚುವ ದಿಂಬು ಕಟ್ಟಿದ್ದಳು, ಬೇರೆಯವರು ಗಡಿಯಾರ ಕಟ್ಟುವ ಜಾಗದಲ್ಲಿ.

ಅಂಗಡಿಗೊಂದು ಪದ್ಧತಿ ಇತ್ತು. ಪದಕಗಳನ್ನು ರಿಬ್ಬನ್ನಿಗೆ ಹೊಲಿದು ಚೌಕಟ್ಟಿಗೆ ಕೂರಿಸುವ ಮೊದಲು ಅವಳು ಒಂದೊಂದಕ್ಕೂ ಒಂದು ಕಾರ್ಡು ಬರೆಯುತ್ತಿದ್ದಳು. ಇದು ಯಾಕೆ ಬಂತು, ಆ ದಿನ ಏನಾಯಿತು, ಮನೆಯವರ ಬಾಯಿಂದ ಕೇಳಿದಂತೆ. ಕಾರ್ಡುಗಳನ್ನು ಚೌಕಟ್ಟಿನ ಬೆನ್ನಿಗೆ ಅಂಟಿಸುತ್ತಿದ್ದಳು.

"ಅಪ್ಪ ಶುರು ಮಾಡಿದ್ದು. ಎರಡು ತಲೆಮಾರು ಕಳೆದ್ರೆ ತಾತ ಇದನ್ನ ಯಾಕೆ ತಗೊಂಡ ಅಂತ ಮೊಮ್ಮಕ್ಕಳಿಗೆ ಗೊತ್ತಿರಲ್ಲ. ಹಳೇ ಪಾತ್ರೆ ಜೊತೆ ತೂಕಕ್ಕೆ ಹಾಕ್ತಾರೆ. ದಿನಕ್ಕೊಂದೇ ಪದಕ ಹೊಲಿಯೋದು ನಾನು. ಆರು ಪದಕ, ಆರು ಮಧ್ಯಾಹ್ನ. ಮೂರು ಗಂಟೆಗೆ ಬನ್ನಿ."

"ಎಲ್ಲಾ ಒಟ್ಟಿಗೇ ಹೇಳಿಬಿಡ್ತೀನಿ."

"ಒಟ್ಟಿಗೆ ಹೇಳೋರು ಸುಳ್ಳು ಹೇಳ್ತಾರೆ."

ಆಗ ಮೊದಲ ಸಲ ತಲೆ ಎತ್ತಿದಳು. ಕನ್ನಡಕ ಮೂಗಿನ ತುದಿಯಲ್ಲಿತ್ತು, ನೋಟ ಅದರ ಮೇಲಿಂದ ಹಾದುಬಂತು. ಬಟ್ಟೆಯ ಬಣ್ಣ ಹೋಗುತ್ತದೋ ಇಲ್ಲವೋ ಅಂತ ಒಂದು ತುದಿ ಒದ್ದೆ ಮಾಡಿ ನೋಡುವ ನೋಟ.

*

ಮೊದಲ ದಿನದ್ದು ಪ್ರವಾಹದ ಪದಕ.

"ಎಷ್ಟು ಜನರನ್ನ ಕಾಪಾಡಿದ್ರು ನಿಮ್ಮಣ್ಣ?"

"ಯಾರನ್ನೂ ಇಲ್ಲ. ದೋಣಿಯೋರು ಕಾಪಾಡಿದ್ರು. ಅವನು ಹದಿನಾಲ್ಕು ದಿನ ಪಂಪ್‌ಹೌಸಲ್ಲಿ ಇದ್ದ. ನೀರು ನಿಂತ್ಮೇಲೆ ಊರಿಗೆ ಕುಡಿಯೋ ನೀರು ಬೇಕಲ್ಲ. ಸೊಂಟದವರೆಗೆ ಕೆಸರು. ಮೋಟಾರ್ ಬಿಚ್ಚಿ, ಒಣಗಿಸಿ, ಮತ್ತೆ ಕೂರಿಸೋದು. ಕಾಲಿನ ಚರ್ಮ ಕಾಲುಚೀಲದ ಜೊತೆ ಬಂತು."

ಅವಳು ಬರೆಯುವುದನ್ನು ನಿಲ್ಲಿಸಿದಳು. "ಇದನ್ನೆಲ್ಲ ಅವರೇ ಹೇಳಿದ್ರಾ?"

"ಹೂಂ."

"ಗಂಡಸರು ಹೀಗೆ ಹೇಳಲ್ಲ. ದೋಣಿ ನಾನೇ ಹೊಡೆದೆ ಅಂತಾರೆ." ಮತ್ತೆ ಬರೆದಳು. "ನನಗೆ ಇಷ್ಟ ಆದ್ರು ನಿಮ್ಮಣ್ಣ."

ಇಂಜಿನಿಯರ್ ಶೆಲ್ಫು ನೋಡಿದ. ಅವನ ಕಿವಿ ಬಿಸಿಯಾಯಿತು. ಬೇರೆಯವರ ಹೆಸರಿಗೆ ಬಂದ ಕಾಗದ ಒಡೆದು ಓದಿದಂತಾಯಿತು, ಕಾಗದ ತನ್ನದೇ ಆಗಿದ್ದರೂ.

ಎರಡನೇ ದಿನ ಹಿಮದ ರಸ್ತೆ. ಮೂರನೇ ದಿನ ಪರದೇಶದಲ್ಲಿ ಬಾವಿ ತೋಡಿದ್ದು: ಎಂಟು ತೋಡಿದರೆ ಮೂರರಲ್ಲಿ ನೀರು. ನೀರು ಬರದ ಐದರ ಬಗ್ಗೆಯೇ ಅವನು ಹೆಚ್ಚು ಹೇಳಿದ. ಹೇಳುತ್ತ ಹೇಳುತ್ತ ಅವನಿಗೊಂದು ವಿಷಯ ಹೊಳೆಯಿತು. 'ನಾನು' ಅಂತ ಶುರು ಮಾಡಿದರೆ ಗಂಟಲಲ್ಲೇ ನಿಲ್ಲುತ್ತಿದ್ದ ಮಾತುಗಳು ಅಣ್ಣನ ಹೆಸರಲ್ಲಿ ಸರಾಗ ಇಳಿಯುತ್ತಿದ್ದವು. ಅಣ್ಣನಿಗೆ ಭಯವಾಗಿತ್ತು ಅನ್ನಬಹುದಿತ್ತು. ಅಣ್ಣ ಮೂರು ರಜೆ ಬಿಟ್ಟುಕೊಟ್ಟದ್ದು ದೇಶಕ್ಕಾಗಿ ಅಲ್ಲ, ಊರಲ್ಲಿ ಅವನಿಗಾಗಿ ಕಾಯುವವರು ಯಾರೂ ಇರಲಿಲ್ಲ ಅಂತ, ಅನ್ನಬಹುದಿತ್ತು.

"ಮದುವೆ ಆಗ್ಲಿಲ್ವಾ?"

"ಎರಡು ಕಡೆ ಮಾತಾಗಿತ್ತು. ಎರಡು ಸಲಾನೂ ಪೋಸ್ಟಿಂಗ್ ಬಂತು. ಮೂರನೇ ಸಲ ಅವನೇ ಬೇಡ ಅಂದ. ಸುಸ್ತಾಗಿತ್ತು."

"ಹಠಮಾರಿ."

"ಹಠ ಅಲ್ಲ. ಸುಸ್ತು."

"ಒಡಹುಟ್ಟಿದವರ ಮೇಲೆ ಇಷ್ಟು ಹೊಟ್ಟೆಕಿಚ್ಚು ಇರಬಾರದು ತಮ್ಮನವರೇ. ಅವರ ಬಗ್ಗೆ ಒಂದು ಒಳ್ಳೇ ಮಾತು ಬಾಯಲ್ಲಿ ಬರಲ್ಲ ನಿಮಗೆ." ದಾರವನ್ನು ಹಲ್ಲಿನಿಂದ ಕಚ್ಚಿ ತುಂಡರಿಸಿದಳು. ತುಂಡಾದ ದಾರದ ತುದಿ ಕೆಳತುಟಿಗೆ ಅಂಟಿಕೊಂಡಿತು. ಅವಳಿಗೆ ಗೊತ್ತಾಗಲಿಲ್ಲ. ಇಂಜಿನಿಯರ್‌ಗೆ ಹೇಳಲು ಬಾಯಿ ಬರಲಿಲ್ಲ. ಅರ್ಧ ಗಂಟೆ ಆ ಕೆಂಪು ದಾರವನ್ನೇ ನೋಡಿದ.

"ಏನು?"

"ಏನಿಲ್ಲ. ಆ ಶೆಲ್ಫ್‌ಗೆ ಮಧ್ಯೆ ಒಂದು ಆಸರೆ ಬೇಕು. ಇಲ್ದಿದ್ರೆ ಈ ವರ್ಷ ಬೀಳುತ್ತೆ."

"ಹತ್ತು ವರ್ಷದಿಂದ ಹಾಗೇ ಇದೆ."

"ಹತ್ತು ವರ್ಷದಿಂದ ಬೀಳ್ತಾನೇ ಇದೆ. ನಿಧಾನಕ್ಕೆ."

ಅವಳು ಜೋರಾಗಿ ನಕ್ಕಳು. ದಾರ ತುಟಿಯಿಂದ ಉದುರಿತು.

*

ನಾಲ್ಕನೇ ದಿನದ್ದು ಇಪ್ಪತ್ತು ವರ್ಷದ ಸೇವೆಯ ಪದಕ. ಅದಕ್ಕೆ ಹೇಳುವಂಥದ್ದೇನಿರಲಿಲ್ಲ, ಸಾಯದೆ ಉಳಿದದ್ದಕ್ಕೆ ಕೊಡುವಂಥದ್ದು. ಹಾಗಾಗಿ ಅವಳು ತನ್ನ ವಿಷಯ ಹೇಳಿದಳು. ಅವಳ ಗಂಡ ಸತ್ತಿಲ್ಲ. ಹನ್ನೊಂದು ವರ್ಷದ ಹಿಂದೆ ಬಿಟ್ಟುಹೋಗಿ ಬೇರೆ ಊರಲ್ಲಿ ಬೇರೆ ಸಂಸಾರ ಮಾಡಿಕೊಂಡು ಸುಖವಾಗಿದ್ದಾನೆ.

"ಕೆಟ್ಟೋನಲ್ಲ. ದೊಡ್ಡ ಸುಳ್ಳು ಹೇಳೋ ಧೈರ್ಯಾನೇ ಇರಲಿಲ್ಲ ಅವನಿಗೆ. ದಿನಕ್ಕೊಂದು ಚಿಕ್ಕದು. ಬಸ್ ಲೇಟು. ಫೋನ್ ಚಾರ್ಜ್ ಇರಲಿಲ್ಲ. ಊಟ ಆಗಿಲ್ಲ ಅಂತ ಎರಡನೇ ಸಲ ಊಟ ಮಾಡ್ತಿದ್ದ. ಎಂಟು ವರ್ಷ ಆದ್ಮೇಲೆ ಗೊತ್ತಾಯ್ತು, ಮನೇಲಿ ನಿಜ ಅನ್ನೋದು ಒಂದು ಸ್ಪೂನಷ್ಟೂ ಇಲ್ಲ ಅಂತ." ಇಸ್ತ್ರಿ ಪೆಟ್ಟಿಗೆಯನ್ನು ರಿಬ್ಬನ್ನಿನ ಮೇಲೆ ಎಳೆದಳು. "ಅದಕ್ಕೇ ನಿಮ್ಮಣ್ಣನಂಥೋರ ಕಥೆ ಕೇಳೋಕೆ ಹಿತ. ನೀರು ಬರದ ಬಾವಿ ಲೆಕ್ಕ ಕೊಡೋ ಮನುಷ್ಯ."

ಆ ಕ್ಷಣದಲ್ಲಿ ಹೇಳಬೇಕಿತ್ತು. ಇಂಜಿನಿಯರ್ ಬಾಯಿ ತೆರೆದ. "ನಾಳೆ ಶೆಲ್ಫ್‌ಗೆ ಬ್ರಾಕೆಟ್ ತರ್ತೀನಿ," ಅಂದ.

ಅವತ್ತು ಹೊರಡುವಾಗ ಅವಳು ಇನ್ನೊಂದು ಕೇಳಿದಳು. "ಮೂವತ್ತೊಂದು ವರ್ಷ ಅಂದ್ರಿ. ಮೂವತ್ತರದ್ದು ಒಂದು ಪದಕ ಇರುತ್ತಲ್ಲ. ಅದು ಡಬ್ಬದಲ್ಲಿಲ್ಲ."

"ಇಪ್ಪತ್ತರದ್ದು ತಾನಾಗಿ ಬರುತ್ತೆ. ಮೂವತ್ತರದ್ದಕ್ಕೆ ಅರ್ಜಿ ಹಾಕ್ಬೇಕು. ನಾಲ್ಕು ಪುಟದ ಫಾರಂ. ಅವನು ಹಾಕ್ಲಿಲ್ಲ."

"ಯಾಕೆ?"

"ನಾನು ಇಷ್ಟು ವರ್ಷ ದುಡಿದೆ ಅಂತ ಅವರಿಗೇ ಬರೆದು ತಿಳಿಸ್ಬೇಕಾ ಅಂದ."

ಅವಳು ಪದಕದ ಅಂಚಿನಲ್ಲಿ ಕೊರೆದಿದ್ದ ಹೆಸರು, ನಂಬರುಗಳನ್ನು ಒಂದು ಚೀಟಿಯ ಮೇಲೆ ಬರೆದುಕೊಂಡಳು. ಕಾರ್ಡಿಗೆ ಬೇಕೇನೋ ಅಂದುಕೊಂಡ ಅವನು.

*

ಐದನೇ ದಿನ ಕೈಗೆ ಆದ ಗಾಯದ್ದು: ಎರಡು ಬೆರಳಿನ ಉಗುರು ಹೋಗಿತ್ತು. ಅವತ್ತೆಲ್ಲ ಅವನ ಬಲಗೈ ಜೇಬಿನಲ್ಲೇ ಇತ್ತು. ಆರನೇ ದಿನ ಶೌರ್ಯಪದಕ.

"ಇದನ್ನ ಬಿಟ್ಟುಬಿಡಿ," ಅಂದ ಇಂಜಿನಿಯರ್. "ಅವನು ಇದನ್ನ ಹಾಕ್ಕೊಳ್ತಿರಲಿಲ್ಲ."

"ಇದೇ ಮೊದಲು ಬರಬೇಕು. ಕ್ರಮ ಅಂತ ಒಂದಿದೆ."

"ಕ್ರಮ ನನಗೂ ಗೊತ್ತು."

ಧ್ವನಿ ಗಡುಸಾಗಿತ್ತು. ಅವಳು ಸೂಜಿಯನ್ನು ಮಣಿಕಟ್ಟಿನ ದಿಂಬಿಗೆ ಚುಚ್ಚಿ, ಕೈ ಕಟ್ಟಿ ಕೂತಳು. ಕಾಯುವುದು ಅವಳಿಗೆ ಚೆನ್ನಾಗಿ ಬರುತ್ತಿತ್ತು.

ಅವನು ಹೇಳಿದ. ನದಿ ದಂಡೆಯ ಒಂದು ಹೊಲ. ಅದಕ್ಕೂ ಹತ್ತೊಂಬತ್ತು ವರ್ಷದ ಹಿಂದೆ ತಮ್ಮದೇ ಸೈನ್ಯ ಹೂತಿಟ್ಟ ಮೈನುಗಳು. ಹಳೆಯ ನಕ್ಷೆಯಲ್ಲಿ ಹೊಲದ ಒಂದು ಪಟ್ಟೆಗೆ ನಲವತ್ತೊಂದು ಅಂತಿತ್ತು. ಹನ್ನೊಂದು ದಿನ ಮಂಡಿಯೂರಿ, ಕಡ್ಡಿಯಿಂದ ಮಣ್ಣು ಚುಚ್ಚಿ ಚುಚ್ಚಿ ನಲವತ್ತು ತೆಗೆದರು. ಇನ್ನೊಂದು ಸಿಗಲಿಲ್ಲ. ನದಿ ಉಕ್ಕಿದಾಗ ಕೊಚ್ಚಿಹೋಗಿರಬೇಕು ಅಂತ ಅಣ್ಣ ಬರೆದ. ನೆಲ ಸುರಕ್ಷಿತ ಅಂತ ಸಹಿ ಹಾಕಿದ. ಅವನ ತಂಡದಲ್ಲಿ ಮೇಸ್ತ್ರಿ ಅಂತ ಎಲ್ಲರೂ ಕರೆಯುವ ಒಬ್ಬ ಹಳಬ ಇದ್ದ. ಗುರುತಿನ ಗೂಟ ಕೀಳಲು ಒಳಗೆ ಹೋದವನು ಅವನೇ. ನಲವತ್ತೊಂದನೆಯದು ಇತ್ತು. ಮೇಸ್ತ್ರಿಯ ಎಡ ಪಾದ ಹೋಯಿತು.

"ಅಣ್ಣ ಒಳಗೆ ಹೋಗಿ ಹೊತ್ಕೊಂಡು ಬಂದ. ಅದಕ್ಕೆ ಈ ಪದಕ. ತಾನು ಮಾಡಿದ ತಪ್ಪಿನಿಂದ ಬಿದ್ದವನನ್ನ ತಾನೇ ಎತ್ತಿದ್ದಕ್ಕೆ."

ಅವಳು ನಿಧಾನವಾಗಿ ಬರೆದಳು. ಅಂದಿನ ಹೊಲಿಗೆಯೂ ನಿಧಾನವಾಗಿತ್ತು. ಮುಗಿದ ಮೇಲೆ ಆರೂ ಪದಕ ಕೂತ ಪಟ್ಟಿಯನ್ನು ಎತ್ತಿ, "ನಿಂತ್ಕೊಳ್ಳಿ, ಸರಿಯಾಗಿ ತೂಗುತ್ತಾ ನೋಡ್ಬೇಕು," ಅಂದಳು. ಅವನ ಎದೆಯ ಬಲಗಡೆ ಪಿನ್ನು ಹಾಕಿದಳು.

"ಸತ್ತೋರದ್ದನ್ನ ನೆಂಟರು ಬಲಗಡೆ ಹಾಕ್ಕೋಬೇಕು. ಎಡಗಡೆ ಅವರವರ ಸ್ವಂತದ್ದಕ್ಕೆ. ಅಲ್ಲಾಡ್ಬೇಡಿ."

ಅವಳ ಹಣೆ ಅವನ ಗದ್ದದ ಕೆಳಗಿತ್ತು. ಕೂದಲಲ್ಲಿ ಇಸ್ತ್ರಿಯ ಬಿಸಿ ವಾಸನೆ. ಕೂದಲ ಬೈತಲೆಯಲ್ಲಿ ಎರಡು ಬೆರಳಗಲ ನರೆ, ಬಣ್ಣ ಹಾಕುವುದನ್ನು ಎಂದೋ ಬಿಟ್ಟಿದ್ದಳು. ಅವಳ ಬೆರಳು ಅಂಗಿಯ ಬಟ್ಟೆ ಹಿಡಿದು ನೇರ ಮಾಡಿತು. ಇಂಜಿನಿಯರ್ ಉಸಿರು ಬಿಗಿಹಿಡಿದ. ಉಸಿರಾಡಿದರೆ ಏನಾದರೂ ಸಿಡಿಯುತ್ತದೆ ಅನ್ನುವ ಅಭ್ಯಾಸ ಅವನಿಗೆ ಹಳೆಯದು.

"ನಿಮ್ಮಣ್ಣನ್ನ ಒಂದು ಸಲ ನೋಡಬೇಕಿತ್ತು ನಾನು," ಅಂದಳು, ಪದಕಗಳನ್ನು ನೋಡುತ್ತ. ಅವನ ಮುಖ ಒಂದು ಗೇಣು ಮೇಲಿತ್ತು. ಅವಳು ನೋಡಿದ್ದು ಪದಕಗಳನ್ನು.

ಅವನಿಗೆ ತನ್ನ ಮೇಲೆಯೇ ಹೊಟ್ಟೆ ಉರಿಯಿತು.

*

ಆರು ಮಧ್ಯಾಹ್ನ ಮುಗಿದರೂ ಅವನು ಹೋಗುವುದು ನಿಲ್ಲಲಿಲ್ಲ. ಚೌಕಟ್ಟಿನ ಗಾಜು ಬರಬೇಕಿತ್ತು. ಶೆಲ್ಫಿಗೆ ಬ್ರಾಕೆಟ್ ಹಾಕಬೇಕಿತ್ತು. ಬ್ರಾಕೆಟ್ ಹಾಕಿದ ಮೇಲೆ ಬಾಗಿಲ ಚಿಲಕ ಸಡಿಲ ಅಂತ ಕಂಡಿತು. ಚಿಲಕದ ನಂತರ ಇಸ್ತ್ರಿಯ ಪ್ಲಗ್ಗು. ಮೂರು ವಾರ ಹೀಗೇ ಕಳೆಯಿತು. ಪಕ್ಕದ ಬೀಗದವನು "ಏನ್ ಸಾರ್, ಅಂಗಡಿ ಬಾಡಿಗೆಗೆ ತಗೊಂಡ್ರಾ?" ಅಂತ ಕೇಳತೊಡಗಿದ.

ದಿನವೂ ಹೊರಡುವಾಗ ಇವತ್ತು ಹೇಳಿಬಿಡುತ್ತೇನೆ ಅಂದುಕೊಳ್ಳುತ್ತಿದ್ದ. ಅಂಗಡಿಯ ತಿರುವಿನಲ್ಲಿ ಅದೇ ಮಾತನ್ನು ಎರಡು ಸಲ ಬಾಯಿಪಾಠ ಮಾಡುತ್ತಿದ್ದ. ಒಳಗೆ ಹೋದರೆ ಅವಳು ಬಿಸ್ಕತ್ತಿನ ತಟ್ಟೆ ಮುಂದಿಟ್ಟು, "ಬನ್ನಿ ತಮ್ಮನವರೇ. ಅಕ್ಕನ ಮನೆ ನಲ್ಲಿ ರಿಪೇರಿ ಆಯ್ತಾ? ಸೇತುವೆ ಕಟ್ಟೋ ಮನೆತನ, ಒಂದು ನಲ್ಲಿಗೆ ಒಂದೂವರೆ ತಿಂಗಳು!" ಅನ್ನುತ್ತಿದ್ದಳು. ನಿಜ ಹೇಳಿದರೆ ಆ ನಗು ಇನ್ನು ಸಿಗುವುದಿಲ್ಲ. ಲೆಕ್ಕ ಸರಳವಾಗಿತ್ತು. ಸರಳ ಲೆಕ್ಕದಲ್ಲೇ ಅವನು ಯಾವಾಗಲೂ ಎಡವುತ್ತಿದ್ದುದು.

ಕಾಗದ ಬಂದದ್ದು ಒಂದು ಬೆಳಿಗ್ಗೆ, ತಿಂಡಿಯ ಹೊತ್ತಿಗೆ. ಅಕ್ಕನ ಹೆಸರಿಗಿತ್ತು. ಅಕ್ಕ ಕನ್ನಡಕ ಹಾಕಿಕೊಂಡು ಓದಿದಳು, ಇನ್ನೊಮ್ಮೆ ಓದಿದಳು, ಎದುರಿಗೆ ಬ್ರೆಡ್ಡು ತಿನ್ನುತ್ತಿದ್ದ ತಮ್ಮನನ್ನು ನೋಡಿದಳು.

"ನೀನು ಸತ್ತಿದೀಯಂತೆ ಕಣೋ. ಕಾಫಿ ಇನ್ನೊಂದು ಲೋಟ ಹಾಕ್ಲಾ?"

ದಾಖಲೆ ಕಚೇರಿಯ ಕಾಗದ. ತಮ್ಮ ಸಹೋದರರ ಅಕಾಲ ಅಗಲಿಕೆಯ ಸುದ್ದಿ ತಿಳಿದು ಕಚೇರಿ ತೀವ್ರ ವಿಷಾದ ವ್ಯಕ್ತಪಡಿಸುತ್ತದೆ. ಮೃತರ ಮೂವತ್ತು ವರ್ಷದ ಸೇವಾಪದಕ ಕೋರಿ ಅವರ ತಮ್ಮನ ಪರವಾಗಿ ಅರ್ಜಿ ಬಂದಿದೆ. ಆದರೆ ದಾಖಲೆಯಂತೆ ಮೃತರಿಗೆ ಅಕ್ಕನ ಹೊರತು ಬೇರೆ ಒಡಹುಟ್ಟಿದವರಿಲ್ಲ. ಮರಣ ಪ್ರಮಾಣಪತ್ರ ಕಳಿಸುವುದು. ಸುದ್ದಿ ತಪ್ಪಾಗಿದ್ದಲ್ಲಿ ಇದರೊಂದಿಗಿರುವ ಜೀವಂತ ಪ್ರಮಾಣಪತ್ರ ಭರ್ತಿ ಮಾಡಿ ಕಳಿಸುವುದು. ಪ್ರತಿ: ಅರ್ಜಿ ಬರೆದವರಿಗೆ.

ಕೆಳಗೆ ಅರ್ಜಿ ಬರೆದವರ ವಿಳಾಸವಿತ್ತು. ಬೀಗದ ಅಂಗಡಿ ಪಕ್ಕ.

"ಅಕಾಲ ಅಂತೆ," ಅಂದಳು ಅಕ್ಕ. "ಐವತ್ತೈದಕ್ಕೆ ಎಂಥಾ ಅಕಾಲ? ಯಾರೋ ಇವಳು?"

ಅವನು ಹೇಳಿದ. ಶುರುವಿಂದ ಹೇಳಿದ. ಅಕ್ಕ ಒಂದು ಸಲವೂ ನಗಲಿಲ್ಲ, ಅದಕ್ಕೇ ಅವನಿಗೆ ಹೆದರಿಕೆಯಾಯಿತು.

"ನಿನಗೆ ಗೊತ್ತಾಗದಂಗೆ, ನಾಲ್ಕು ಪುಟದ ಫಾರಂ ತುಂಬಿದಾಳೆ ಆ ಹೆಂಗಸು. ನಿನ್ನ ಪದಕಕ್ಕೆ. ನೀನೇ ತುಂಬದ ಫಾರಂ." ಕಾಗದ ಮಡಚಿ ಅವನ ಅಂಗಿ ಜೇಬಿಗೆ ತುರುಕಿದಳು. "ನೀನು ಹೋಗ್ತೀಯೋ, ನಾನು ಹೋಗ್ಲೋ? ನಾನು ಹೋದ್ರೆ ನೀನು ನಾಲ್ಕನೇ ಕ್ಲಾಸಲ್ಲಿ ಫೇಲಾದದ್ದನ್ನೂ ಹೇಳಿ ಬರ್ತೀನಿ."

*

ಮೂರು ಗಂಟೆಗೆ ಅಂಗಡಿಯಲ್ಲಿ ಸ್ಟೂಲು ಇರಲಿಲ್ಲ. ಬಿಸ್ಕತ್ತೂ ಇರಲಿಲ್ಲ. ಕಚೇರಿಯ ಕಾಗದದ ಪ್ರತಿ ಕತ್ತರಿಯ ಕೆಳಗಿತ್ತು. ಅವಳು ಯಾರದೋ ನೀಲಿ ರಿಬ್ಬನ್ನು ಅಳೆಯುತ್ತಿದ್ದಳು.

"ಯಾವಾಗ ಹೇಳ್ಬೇಕು ಅಂತಿದ್ರಿ?"

"ದಿನಾ."

"ಪರವಾಗಿಲ್ಲ. ಶಿಸ್ತಿನ ಮನುಷ್ಯ."

ಅವನು ಗೋಡೆಗೆ ಒರಗಲಿಲ್ಲ. ಮಂಡಿ ನೋಯುತ್ತಿತ್ತು.

"ನಾನು ಅತ್ತಿದೀನಿ, ಗೊತ್ತಾ?" ಅಂದಳು. ಧ್ವನಿ ಏರಲಿಲ್ಲ. "ಮನೇಲಿ ತರಕಾರಿ ಹೆಚ್ಚುತ್ತಾ ಅತ್ತಿದೀನಿ. ಒಂದು ತಿಂಗಳು ಮುಂಚೆ ಆ ಡಬ್ಬ ಬಂದಿದ್ರೆ ಆ ಮನುಷ್ಯನ್ನ ನೋಡಬಹುದಿತ್ತಲ್ಲ ಅಂತ. ಆ ಮನುಷ್ಯ ಇಲ್ಲೇ ಕೂತು ನನ್ನ ಬಿಸ್ಕತ್ ತಿಂತಿದ್ದ. ನನ್ನ ಗಂಡನದ್ದು ಚಿಲ್ಲರೆ ವ್ಯಾಪಾರ. ನಿಮ್ಮದು ಸಗಟು."

"ತಪ್ಪಾಯ್ತು."

"ಯಾಕೆ ಹೇಳಿದ್ರಿ?"

"ಮೊದಲ ದಿನ ಸುಸ್ತಾಗಿತ್ತು, ಅದಕ್ಕೆ. ಎರಡನೇ ದಿನದಿಂದ..." ಅವನು ನಿಲ್ಲಿಸಿದ. ವರದಿ ಬರೆಯುವಾಗಿನಂತೆ ಒಂದೊಂದೇ ಪದ ಹುಡುಕಿದ. "ನನ್ನ ಕಥೆ ಯಾರೂ ಹಾಗೆ ಕೇಳಿರಲಿಲ್ಲ. ನೀವು ಅಣ್ಣನ್ನ ಇಷ್ಟಪಡ್ತಿದ್ರಿ. ನನಗೆ ನೀವು ಇಷ್ಟ ಆಗಿದ್ರಿ. ಹೇಳಿದ್ರೆ ಎರಡೂ ಹೋಗುತ್ತೆ ಅಂತ ಹೆದರಿದೆ."

ನೀಲಿ ರಿಬ್ಬನ್ನು ಮೇಜಿನಿಂದ ಜಾರಿ ನೆಲಕ್ಕೆ ಬಿತ್ತು. ಅವಳು ಬಗ್ಗಲಿಲ್ಲ.

"ಆರು ಕಾರ್ಡು ಬರೆದಿದೀನಿ ನಾನು. ಅದರಲ್ಲಿ ಎಷ್ಟು ಸುಳ್ಳು?"

"ಅಣ್ಣ ಅನ್ನೋದೊಂದೇ. ಉಳಿದದ್ದೆಲ್ಲಾ ನಿಜ."

"ಆಣೆ ಹಾಕಿ ಹೇಳ್ತೀರಾ?"

ಹೂಂ ಅಂದುಬಿಡಬಹುದಿತ್ತು. ಅವಳು ನಂಬುವ ಅಂಚಿನಲ್ಲಿದ್ದಳು. ಕಣ್ಣಲ್ಲಿ ಅದು ಕಾಣುತ್ತಿತ್ತು, ಬಾಗಿಲ ಸಂದಿಯಲ್ಲಿ ಬೆಳಕಿನ ಗೆರೆ ಕಂಡಂತೆ. ಒಂದು ಹೂಂ ಸಾಕಿತ್ತು.

"ಇಲ್ಲ," ಅಂದ. "ಕೊನೇ ಕಾರ್ಡಲ್ಲಿ ಒಂದು ಬಿಟ್ಟಿದೀನಿ."

ಅವಳು ಕತ್ತರಿಯ ಕೆಳಗಿನ ಕಾಗದವನ್ನು ಪಕ್ಕಕ್ಕೆ ಸರಿಸಿದಳು.

"ಗೂಟ ಕೀಳೋಕೆ ಹೋಗೋ ಮುಂಚೆ, ಬೆಳಿಗ್ಗೆ, ಮೇಸ್ತ್ರಿ ನನ್ನ ಟೆಂಟಿಗೆ ಬಂದಿದ್ದ. ಸಾರ್, ಲೆಕ್ಕ ಕೂಡ್ತಿಲ್ಲ, ಇನ್ನೊಂದು ದಿನ ಹುಡುಕೋಣ ಅಂದ. ನಾನು ಮಲಗಿದ್ದೆ. ಹನ್ನೊಂದು ದಿನ ಆಗಿತ್ತು. ಸಾಕು ಮಾರಾಯ, ಸುಸ್ತಾಗಿದೆ ಅಂದೆ. ಅವನು ಆಯ್ತು ಸಾರ್ ಅಂತ ಹೋದ. ಆ ಮಾತು ವಿಚಾರಣೇಲೂ ಬರಲಿಲ್ಲ. ಅವನೂ ಹೇಳಲಿಲ್ಲ. ಈಗಲೂ ಫೋನ್ ಮಾಡ್ತಾನೆ, ಮಂಡಿ ಹೇಗಿದೆ ಸಾರ್ ಅಂತಾನೆ. ಪಾದ ಇಲ್ಲದೋನು ನನ್ನ ಮಂಡಿ ಕೇಳ್ತಾನೆ. ಸತ್ತೋನ ಬಾಯಲ್ಲೂ ನನಗೆ ಇದನ್ನ ಹೇಳಕ್ಕಾಗಲಿಲ್ಲ."

ಹೇಳಿ ಮುಗಿಸಿದಾಗ ಅವನ ಉಗುರಿಲ್ಲದ ಎರಡು ಬೆರಳು ಮೇಜಿನ ಅಂಚು ಹಿಡಿದಿದ್ದವು. ಪಕ್ಕದಲ್ಲಿ ಬೀಗದವನು ಕೀಲಿ ಅರೆಯುವ ಸದ್ದು ಬಂತು, ನಿಂತಿತು, ಮತ್ತೆ ಬಂತು.

ಅವಳು ಎದ್ದು ಮೇಜಿನ ಹಿಂದಿನಿಂದ ಸ್ಟೂಲು ತಂದು ಹಾಕಿದಳು. ಅವನು ಕೂತ. ಅವಳು ಆರನೇ ಕಾರ್ಡು ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿ, ಕೊನೆಗೆ ಮೂರು ಸಾಲು ಸೇರಿಸಿದಳು. ಬರೆದದ್ದನ್ನು ಅವನ ಕಡೆ ತಿರುಗಿಸಿ ತೋರಿಸಿದಳು. ಒಂದು ಪದವೂ ಮೆತ್ತಗೆ ಮಾಡಿರಲಿಲ್ಲ. 'ಸುಸ್ತಾಗಿದೆ ಅಂದೆ' ಅಂತಲೇ ಇತ್ತು.

"ಇದನ್ನ ಮೇಸ್ತ್ರಿಗೆ ಹೇಳಿದೀರಾ?"

"ಅವನಿಗೆ ಗೊತ್ತಲ್ಲ."

"ನಿಮಗೆ ನೆನಪಿದೆ ಅನ್ನೋದು ಗೊತ್ತಾ?"

ಅವನು ತಲೆಯಾಡಿಸಿದ. ಇಲ್ಲ.

"ಈ ಭಾನುವಾರ ಫೋನ್ ಮಾಡಿ. ಅವರು ಮಾಡೋ ಮುಂಚೆ." ಕಾರ್ಡನ್ನು ಆರಲು ಇಟ್ಟಳು. "ನನಗಿನ್ನೂ ಸಿಟ್ಟು ಹೋಗಿಲ್ಲ. ಹೋಯ್ತು ಅಂದ್ಕೋಬೇಡಿ."

"ಇಲ್ಲ."

"ಜೇಬಲ್ಲಿ ಏನದು?"

ಕಾಗದದ ಜೊತೆ ಅಕ್ಕ ತುರುಕಿದ ಪ್ರಮಾಣಪತ್ರದ ಫಾರಂ ಅರ್ಧ ಹೊರಗೆ ಇಣುಕುತ್ತಿತ್ತು. ಅವಳೇ ಕೈಚಾಚಿ ಎಳೆದುಕೊಂಡು, ಮಡಿಕೆಗಳನ್ನು ಅಂಗೈಯಿಂದ ತಿಕ್ಕಿ, ಕನ್ನಡಕ ಮೇಲೇರಿಸಿ ಓದಿದಳು. "ಈ ಕೆಳಗೆ ಸಹಿ ಮಾಡಿರುವ ನಾನು, ಸದರಿಯವರು ಜೀವಂತರಿದ್ದಾರೆಂದು ದೃಢೀಕರಿಸುತ್ತೇನೆ. ಒಬ್ಬರು ಸಾಕ್ಷಿ ಬೇಕಂತೆ."

"ನೀವು ಹಾಕ್ತೀರಾ?"

ಅವಳು ಪೆನ್ನು ಎತ್ತಿದಳು. ಪೆನ್ನು ಕಾಗದದ ಮೇಲೆ ಒಂದು ಬೆರಳು ಎತ್ತರದಲ್ಲಿ ನಿಂತಿತು. "ಸಾಕ್ಷಿ ಅವರನ್ನ ಎಷ್ಟು ಕಾಲದಿಂದ ಬಲ್ಲರು? ಕನಿಷ್ಠ ಒಂದು ವರ್ಷ." ತಲೆ ಎತ್ತಿದಳು. "ನಾನು ನಿಮ್ಮನ್ನ ನೋಡಿದ್ದು ಇವತ್ತು. ಮುಕ್ಕಾಲು ಗಂಟೆ ಆಗಿರಬೇಕು. ಸುಳ್ಳು ಬರೆಯಲ್ಲ ನಾನು."

"ಹಾಗಾದ್ರೆ?"

"ಒಂದು ವರ್ಷ ಆಗ್ಲಿ. ಆಮೇಲೆ ಹಾಕ್ತೀನಿ."

ಇಂಜಿನಿಯರ್ ಕಾಗದದ ಮೇಲೆ ಬಗ್ಗಿದ. ಸಣ್ಣ ಅಕ್ಷರ ಓದುವುದು ಅವನ ಕಸುಬು. ಎರಡು ಸಲ ಓದಿದ. ಆಮೇಲೆ ಅವನ ಕಿವಿಗಳು ಕೆಂಪಾದವು, ಐವತ್ತೈದರ ಕಿವಿಗಳು ಕೆಂಪಾಗುವಷ್ಟು.

"ಒಂದು ವರ್ಷ ಆದ್ಮೇಲೂ ನಿಮಗೆ ಹಾಕಕ್ಕಾಗದೇ ಇರಬಹುದು."

"ಯಾಕೆ?"

"ಇಲ್ಲಿ ನೋಡಿ. ಸಾಕ್ಷಿ ಸಂಬಂಧಿಕರಾಗಿರಬಾರದು ಅಂತಿದೆ."

ಅವಳು ಓದಿದಳು. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಓದಿದಳು. ಕನ್ನಡಕ ಮೆಲ್ಲಗೆ ಮೂಗಿನ ತುದಿಗೆ ಇಳಿಯಿತು. ಅದರ ಮೇಲಿಂದ ಅವನನ್ನು ನೋಡಿದಳು. ಪದಕವನ್ನಲ್ಲ, ಅಣ್ಣನನ್ನಲ್ಲ: ತುಕ್ಕಿನ ಕಲೆ, ಸವೆದ ಕಾಲರು, ಸುಸ್ತಾದ ಕಣ್ಣು, ಎಲ್ಲವನ್ನೂ ಒಂದೊಂದಾಗಿ.

"ಬಾಯಿ ಮಾತ್ರ ಸತ್ತಿರಲಿಲ್ಲ ನಿಮ್ಮದು," ಅಂದಳು. ಫಾರಂ ಮಡಚಿ ಅವನ ಕೈಗಿಟ್ಟಳು. "ನಿಮ್ಮ ಮಂಡಿ ಯಾರೋ ಡಾಕ್ಟರ್ ನೋಡ್ತಿರಬೇಕಲ್ಲ, ಎಷ್ಟು ವರ್ಷದ ಪರಿಚಯ?"

"ಇಪ್ಪತ್ತು. ರಜೆಗೆ ಬಂದಾಗೆಲ್ಲ ಅವರೇ ನೋಡೋದು."

"ಅವರ ಹತ್ರ ಹಾಕಿಸ್ಕೊಳ್ಳಿ. ಇವತ್ತೇ. ನಾನು ಆರಕ್ಕೆ ಅಂಗಡಿ ಮುಚ್ತೀನಿ." ನೆಲಕ್ಕೆ ಬಿದ್ದಿದ್ದ ನೀಲಿ ರಿಬ್ಬನ್ನನ್ನು ಎತ್ತಿಕೊಂಡು, ಕೊಡವಿ, ಅಳತೆ ಮತ್ತೆ ಮೊದಲಿಂದ ಶುರು ಮಾಡಿದಳು. "ಅಷ್ಟರೊಳಗೆ ಬದುಕಿಕೊಂಡು ಬನ್ನಿ."